ನಾರು ಬೆರೆಸಿದ ಕಾಂಕ್ರೀಟ್, ಗಾರೆ, ಫೈಬರ್ ಕಂಬಿ: ಮೈಸೂರು–ಮಂಡ್ಯ ಸೀಮೆಯಲ್ಲಿ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೋಲ್ಡಿಗೆ ನಾರು ಹಾಕಿದರೆ ಕಬ್ಬಿಣ ಕಡಿಮೆ ಮಾಡಬಹುದಾ?

ಆಗುವುದಿಲ್ಲ. ಚಾವಣಿ, ಬೀಮು, ಕಂಬ ಇವುಗಳಲ್ಲಿ ಬಾಗುವ ಭಾರವನ್ನು ಹೊರುವುದು ಕಂಬಿ. ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ನಾರನ್ನು ಒಂದು ಘನ ಮೀಟರ್ ಕಾಂಕ್ರೀಟಿಗೆ 900 ಗ್ರಾಂ ಹಾಕುತ್ತಾರೆ. ಅದು ಹೆಚ್ಚುಕಮ್ಮಿ ಒಂದು ಲೀಟರ್, ಅಂದರೆ ಸಾವಿರಕ್ಕೆ ಒಂದು ಪಾಲು. ಅದೂ ಎಲ್ಲ ದಿಕ್ಕಿಗೂ ಚೆದುರಿರುತ್ತದೆ, ಬೇಕಾದ ದಿಕ್ಕಿಗೆ ಮಲಗಿರುವ ಎಳೆಗಳು ಇನ್ನೂ ಕಡಿಮೆ. ನಾರು ಹಾಕಿದ್ದೇವೆಂದು 8 ಎಂಎಂ ಕಂಬಿಯನ್ನು ಆರು ಇಂಚಿನ ಬದಲು ಎಂಟು ಇಂಚಿಗೆ ಕಟ್ಟಿಸುವ ಮೇಸ್ತ್ರಿಯ ಮಾತು ಕೇಳಬೇಡಿ. ಡ್ರಾಯಿಂಗಿನಲ್ಲಿ ಇರುವ ಕಬ್ಬಿಣ ಇದ್ದಷ್ಟೇ ಇರಬೇಕು.

ಹಾಗಾದರೆ ನಾರು ಮಾಡುವ ಕೆಲಸವಾದರೂ ಏನು?

ಇದು ಅರ್ಥವಾದರೆ ಉಳಿದ ಅರ್ಧ ಪ್ರಶ್ನೆಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಎಳೆದಾಗ ಹಿಗ್ಗದೆ ತಡೆದು ನಿಲ್ಲುವ ಗುಣವನ್ನು ಬಿಗುವು ಎನ್ನೋಣ. ಗಟ್ಟಿಯಾದ ಎಂ20 (ಮನೆಗೆ ಸಾಮಾನ್ಯವಾಗಿ ಹಾಕುವ ದರ್ಜೆಯ) ಕಾಂಕ್ರೀಟಿನ ಬಿಗುವು ಸುಮಾರು 22 ಗಿಗಾಪಾಸ್ಕಲ್, ಉಕ್ಕಿನದು 200. ಪಾಲಿಪ್ರೊಪಿಲೀನ್ ಎಳೆಯದು ಐದರ ಆಸುಪಾಸು. ಹಾಗಾಗಿ ಗಟ್ಟಿಯಾದ ಕಾಂಕ್ರೀಟ್ ಬಾಗುವಾಗ ಈ ಮೆತ್ತನೆಯ ಎಳೆ ಭಾರ ಹಿಡಿಯುವ ಹೊತ್ತಿಗೆ ಕಾಂಕ್ರೀಟ್ ಸೀಳಿ ಮುಗಿದಿರುತ್ತದೆ.

ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ ಲೆಕ್ಕ ತಿರುಗುಮುರುಗು. ಆಗ ಕಾಂಕ್ರೀಟ್ ಇನ್ನೂ ಹಸಿ, ಎಳೆಯೇ ಬಿಗಿ. ಮಾರ್ಚ್–ಏಪ್ರಿಲ್ ಬಿಸಿಲಿನಲ್ಲಿ, ಬಯಲು ಗಾಳಿ ಬೀಸುವ ಕಡೆ ಚಾವಣಿ ಹಾಕಿದರೆ ಮೇಲ್ಮೈಯ ನೀರು ಬೇಗ ಆರುತ್ತದೆ. ಗಂಟೆಗೆ ಒಂದು ಚದರ ಮೀಟರಿನಿಂದ ಒಂದು ಲೀಟರ್ ಹಾರಿತೆಂದರೆ ಬಿರುಕು ಬಿಡುವ ಅಪಾಯ ಶುರು. ಆ ಹೊತ್ತಿನಲ್ಲಿ ಏಳುವ ಕೂದಲೆಳೆ ಬಿರುಕನ್ನು ಹುಟ್ಟುವಾಗಲೇ ಹಿಡಿಯುವುದು ನಾರಿನ ಕೆಲಸ. 34 ಮೈಕ್ರಾನ್ ದಪ್ಪ, 12 ಮಿ.ಮೀ. ಉದ್ದದ ಎಳೆಯಾದರೆ 900 ಗ್ರಾಮಿನಲ್ಲಿ ಸುಮಾರು ಒಂಬತ್ತು ಕೋಟಿ ಎಳೆ ಇರುತ್ತವೆ. ಬಿರುಕು ಎಲ್ಲಿ ಎದ್ದರೂ ಅಡ್ಡಕ್ಕೆ ಒಂದು ಎಳೆ ಸಿಕ್ಕೇ ಸಿಗುತ್ತದೆ.

ಒಂದು ಎಚ್ಚರಿಕೆ: ನಾರು ಹಾಕಿದರೂ ನೀರುಣಿಸುವುದು ತಪ್ಪುವುದಿಲ್ಲ. ಮೋಲ್ಡ್ ಹಾಕಿ ಮನೆಗೆ ಹೋಗಿ, ಮಾರನೆ ದಿನ ಮಧ್ಯಾಹ್ನ ಪಾತಿ ಕಟ್ಟಿ ನೀರು ನಿಲ್ಲಿಸುವವರಿಗೆ ಯಾವ ನಾರೂ ಉಪಕಾರ ಮಾಡದು. ಮೇಲ್ಮೈಯ ಹೊಳಪು ಆರಿದ ಕೂಡಲೇ ಒದ್ದೆ ಗೋಣಿಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿ.

ಮೂಟೆಗೆ ಎಷ್ಟು ಹಾಕಬೇಕು? ಹೇಗೆ ಬೆರೆಸಬೇಕು?

50 ಕೆ.ಜಿ. ಸಿಮೆಂಟ್ ಮೂಟೆಗೆ 125 ಗ್ರಾಂ ಪೊಟ್ಟಣ ಒಂದು. ಕಾಂಕ್ರೀಟಿಗೆ 12 ಮಿ.ಮೀ., ಗಾರೆಗೆ 6 ಮಿ.ಮೀ. ಎಳೆ. ಸಿಮೆಂಟ್, ಮರಳು, ಜಲ್ಲಿ 1:1½:3 ಲೆಕ್ಕದಲ್ಲಿ ಸೈಟಿನಲ್ಲೇ ಕಲಸುವ ಕಾಂಕ್ರೀಟಿಗೆ ಘನ ಮೀಟರಿಗೆ ಎಂಟು ಮೂಟೆ ಹಿಡಿಯುತ್ತದೆ, ನಾರು ಒಂದು ಕೆ.ಜಿ. ಆಯಿತು. 1:4ರ 12 ಮಿ.ಮೀ. ದಪ್ಪದ ಗಾರೆಗೆ ಒಂದು ಚದರಕ್ಕೆ (ನೂರು ಚದರ ಅಡಿಗೆ) ಸುಮಾರು ಒಂದು ಮೂಟೆ ಸಿಮೆಂಟ್, ಅಂದರೆ ಒಂದು ಚದರಕ್ಕೆ ಒಂದು ಪೊಟ್ಟಣ.

ಕೆಡುವುದು ಕಲಸುವಲ್ಲಿ. ಪೊಟ್ಟಣ ಒಡೆದು ಇಡೀ ನಾರನ್ನು ಒಂದೇ ಸಲ ಮಿಕ್ಸರಿಗೆ ಸುರಿದರೆ ಹತ್ತಿಯ ಉಂಡೆಯಂತೆ ಗಂಟು ಕಟ್ಟುತ್ತದೆ. ಆ ಗಂಟು ಇರುವ ಕಡೆ ಕಾಂಕ್ರೀಟ್ ಪೊಳ್ಳು. ಮಿಕ್ಸರಿಗೆ ಮೊದಲು ಜಲ್ಲಿ ಮತ್ತು ಅರ್ಧ ನೀರು ಹಾಕಿ, ಅದು ತಿರುಗುತ್ತಿರುವಾಗ ನಾರನ್ನು ಬೆರಳಲ್ಲಿ ಬಿಡಿಸಿ ಉದುರಿಸಿ. ಜಲ್ಲಿಯ ಉಜ್ಜಾಟಕ್ಕೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಆಮೇಲೆ ಎಂ-ಸ್ಯಾಂಡ್, ಸಿಮೆಂಟ್, ಉಳಿದ ನೀರು. ನಾರು ಬಿದ್ದ ಮೇಲೆ ಮಾಮೂಲಿಗಿಂತ ಎರಡು ಮೂರು ನಿಮಿಷ ಹೆಚ್ಚು ತಿರುಗಿಸಿ. ರೆಡಿಮಿಕ್ಸ್ ಲಾರಿಯಲ್ಲಾದರೆ ಸೈಟಿಗೆ ಬಂದ ಮೇಲೆ ನಾರು ಹಾಕಿ ಕನಿಷ್ಠ ಐದು ನಿಮಿಷ ಜೋರಾಗಿ ತಿರುಗಿಸಬೇಕು. ಕೈಯಲ್ಲಿ ಕಲಸುವುದಾದರೆ ಮರಳು ಮತ್ತು ಸಿಮೆಂಟನ್ನು ಒಣಗಿದಂತೆ ಮಗುಚುವಾಗಲೇ ನಾರು ಉದುರಿಸಿ. ನೀರು ಬಿದ್ದ ಮೇಲೆ ಹಾಕಿದರೆ ಬಿಚ್ಚುವುದೇ ಇಲ್ಲ.

ನಾರು ಬಿದ್ದೊಡನೆ ಕಾಂಕ್ರೀಟ್ ಗಟ್ಟಿಯಾದಂತೆ ಕಾಣುತ್ತದೆ. ಹುಡುಗರು ಕೂಡಲೇ ಪೈಪು ಹಿಡಿಯುತ್ತಾರೆ. ಆ ನೀರು ನಾರಿನಿಂದ ಬಂದ ಲಾಭವನ್ನೆಲ್ಲ ತೊಳೆದುಬಿಡುತ್ತದೆ. ಹರಿವು ಬೇಕಿದ್ದರೆ ಪ್ಲಾಸ್ಟಿಸೈಸರ್ ಹಾಕಿ, ನೀರು ಬೇಡ. ವೈಬ್ರೇಟರ್ ಇಟ್ಟರೆ ಸಾಕು, ಗಟ್ಟಿಯಾಗಿ ಕಂಡದ್ದು ಸರಾಗವಾಗಿ ಕೂರುತ್ತದೆ.

ಕಂಬ ಮತ್ತು ಗೋಡೆ ಕೂಡುವ ಗೆರೆಯಲ್ಲೇ ಗಾರೆ ಸೀಳುತ್ತದೆ. ನಾರು ಹಾಕಿದರೂ ಯಾಕೆ?

ಆ ಸೀಳು ಗಾರೆಯದಲ್ಲ. ಕಾಂಕ್ರೀಟ್ ಕಂಬ ಒಂದು ರೀತಿ ಹಿಗ್ಗಿ ಕುಗ್ಗುತ್ತದೆ, ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕಿನ ಗೋಡೆ ಇನ್ನೊಂದು ರೀತಿ. ನಡುವೆ ಸಿಕ್ಕ ಅರ್ಧ ಇಂಚಿನ ಗಾರೆ ಹರಿಯುತ್ತದೆ. 6 ಮಿ.ಮೀ. ಎಳೆ ಅಷ್ಟು ಚಲನೆಯನ್ನು ತಡೆಯಲಾರದು. ಅಲ್ಲಿ ಗಾರೆಗೆ ಮೊದಲು ಎಂಟರಿಂದ ಹನ್ನೆರಡು ಇಂಚು ಅಗಲದ ಚಿಕನ್ ಮೆಶ್ಶನ್ನೋ ಕ್ಷಾರ ತಡೆಯುವ ಗಾಜಿನ ಜಾಲರಿಯನ್ನೋ ಗೆರೆಯ ಎರಡೂ ಬದಿಗೆ ಸಮನಾಗಿ ಬರುವಂತೆ ಬಿಗಿಯಾಗಿ ಹೊಡೆಯಬೇಕು. ಜಾಲರಿ ಗೋಡೆಗೆ ಅಂಟಿ ಮಲಗಬಾರದು, ಗಾರೆಯ ನಡುವೆ ಬರಬೇಕು. ಗೋಡೆಯ ಮೈತುಂಬ ಜೇಡರ ಬಲೆಯಂತೆ ಹರಡುವ ಸಣ್ಣ ಬಿರುಕಿಗೆ ಮಾತ್ರ ನಾರು ಮದ್ದು. ಅದಕ್ಕೂ ಮೊದಲು ಎಂ-ಸ್ಯಾಂಡಿನಲ್ಲಿ ಧೂಳು ಎಷ್ಟಿದೆ ನೋಡಿ: ಧೂಳು ಜಾಸ್ತಿಯಾದರೆ ನೀರು ಜಾಸ್ತಿ ಕುಡಿಯುತ್ತದೆ, ಬಿರುಕೂ ಜಾಸ್ತಿ.

ನಮ್ಮಲ್ಲಿ ತೆಂಗಿನ ನಾರು ಬೇಕಾದಷ್ಟಿದೆ. ಅದನ್ನೇ ಹಾಕಬಾರದೇಕೆ?

ಹಾಕಬಹುದು. ಆದರೆ ಪೊಟ್ಟಣದ ನಾರಿನಂತೆ ಒಡೆದು ಸುರಿಯುವ ವಸ್ತು ಅದಲ್ಲ. ಪ್ರತಿ ನಾರಿಗೂ ಒಬ್ಬ ಶತ್ರು ಇರುತ್ತಾನೆ, ತೆಂಗಿನ ನಾರಿಗೆ ಸಿಮೆಂಟೇ ಶತ್ರು. ಸಿಮೆಂಟಿನ ಒಳಗಿನ ನೀರಿನ ಪಿಎಚ್ 12.5ರ ಮೇಲೆ, ಸುಣ್ಣದ ತಿಳಿಯಷ್ಟೇ ಕ್ಷಾರ. ನಾರಿನ ಕೋಶಗಳನ್ನು ಬೆಸೆದಿರುವ ಲಿಗ್ನಿನ್ ಅದರಲ್ಲಿ ಕರಗುತ್ತದೆ. ಎಳೆಯೊಳಗಿನ ಟೊಳ್ಳಿನಲ್ಲಿ ಸುಣ್ಣ ಬೆಳೆದು ತುಂಬಿಕೊಳ್ಳುತ್ತದೆ. ಮೊದಲ ತಿಂಗಳು ಬಗ್ಗಿಸಿದರೆ ಬಾಗುತ್ತಿದ್ದ ಹಲಗೆ ಕೆಲವು ವರ್ಷಗಳ ಮೇಲೆ ಬಿಸ್ಕತ್ತಿನಂತೆ ಮುರಿಯುವುದು ಇದಕ್ಕೇ. ಒದ್ದೆಯಾಗುತ್ತ ಒಣಗುತ್ತ ಇರುವ ಜಾಗದಲ್ಲಿ ಇದು ಬೇಗ, ಒಳಾಂಗಣದಲ್ಲಿ ನಿಧಾನ.

ತಡೆಯುವ ದಾರಿ ಸಿಮೆಂಟಿನ ಬಿಡಿ ಸುಣ್ಣವನ್ನು ಬೇರೆ ಯಾವುದಾದರೂ ತಿಂದುಹಾಕುವಂತೆ ಮಾಡುವುದು. ಹಾರುಬೂದಿ, ಅಂದರೆ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ನಯವಾದ ಬೂದಿ, ಆ ಕೆಲಸ ಮಾಡುತ್ತದೆ. ಕನ್ನಂಬಾಡಿ ಕಟ್ಟೆಯ ಗಾರೆಯಲ್ಲಿರುವ ಸುರ್ಕಿ, ಅಂದರೆ ಸುಟ್ಟ ಜೇಡಿಯ ಪುಡಿ, ಮಾಡುವುದೂ ಅದೇ ಕೆಲಸ. ಭತ್ತದ ಹೊಟ್ಟಿನ ಬೂದಿಯೂ ಮಾಡುತ್ತದೆ, ಆದರೆ ಹೊಟ್ಟು 700 ಡಿಗ್ರಿ ಸೆಲ್ಸಿಯಸ್ ದಾಟದೆ ಸುಟ್ಟು ಬೂದಿ ಬಿಳಿಚಿರಬೇಕು. ರೈಸ್ ಮಿಲ್ಲಿನ ಬಾಯ್ಲರಿನಿಂದ ಬರುವ ಕಪ್ಪು ಬೂದಿಯಲ್ಲಿ ಇದ್ದಿಲು ತುಂಬಿರುತ್ತದೆ. ನೀರು ಕುಡಿಯುತ್ತದೆಯೇ ಹೊರತು ಸುಣ್ಣ ಹಿಡಿಯುವುದು ಕಡಿಮೆ. ಸುಲಭದ ದಾರಿ ಪಿಪಿಸಿ ಸಿಮೆಂಟ್ ಕೊಳ್ಳುವುದು, ಅದರಲ್ಲಿ ಹಾರುಬೂದಿ ಆಗಲೇ ಸೇರಿರುತ್ತದೆ.

ನಾರನ್ನು ಸಿದ್ಧಮಾಡುವುದು ಹೀಗೆ. ಪುಡಿಯಿಲ್ಲದ, ಒದರಿದ ನಾರು ತನ್ನಿ. ತೆಂಗಿನ ಪುಡಿ ಸೇರಿದರೆ ಅದು ನೀರನ್ನೂ ಕುಡಿದು ಗಾರೆಯನ್ನೂ ಸಡಿಲ ಮಾಡುತ್ತದೆ. ಎರಡು ಮೂರು ನೀರಿನಲ್ಲಿ ಕಂದು ಬಣ್ಣ ಇಳಿಯುವವರೆಗೆ ತೊಳೆದು, ಒಣಗಿಸಿ, 20ರಿಂದ 30 ಮಿ.ಮೀ. ಉದ್ದಕ್ಕೆ ಕತ್ತರಿಸಿ. ತನ್ನ ತೂಕಕ್ಕಿಂತ ಹೆಚ್ಚು ನೀರು ಹೀರುವ ಸ್ವಭಾವ ಅದರದ್ದು. ಹಾಗಾಗಿ ಬಳಸುವ ಹಿಂದಿನ ದಿನ ನೆನೆಹಾಕಿ, ಬೆಳಿಗ್ಗೆ ಗೋಣಿ ಮೇಲೆ ಹರಡಿ ನೀರು ಬಸಿಯಲು ಬಿಡಿ. ಮುಟ್ಟಿದರೆ ತಣ್ಣಗಿರಬೇಕು, ಹಿಂಡಿದರೆ ಹನಿ ಬೀಳಬಾರದು. ಅಳತೆ ಕಾಂಕ್ರೀಟಿನ ಗಾತ್ರದ ನೂರಕ್ಕೆ ಅರ್ಧ ಪಾಲು, ಘನ ಮೀಟರಿಗೆ ಒಣ ನಾರು ಸುಮಾರು 6 ಕೆ.ಜಿ. ನೂರಕ್ಕೆ ಒಂದು ಪಾಲು, ಅಂದರೆ 11–12 ಕೆ.ಜಿ. ದಾಟಿದರೆ ಕರಣೆಗೆ ಸಿಗುವುದಿಲ್ಲ, ಗಂಟು ಬೀಳುತ್ತದೆ.

ಎಲ್ಲಿ ಬಳಸಬಹುದು? ಭಾರ ಹೊರದ ಹಲಗೆ, ಒಳಗೋಡೆಯ ಗಾರೆ, ಹೂಕುಂಡ, ತೋಟದ ದಾರಿಯ ಟೈಲ್ಸ್. ನೀರಿನ ಸಂಪ್‌ಗೆ, ಚಾವಣಿಗೆ, ಬೀಮಿಗೆ ಬೇಡ. ಕತ್ತಾಳೆ ನಾರು, ಸೆಣಬು ಎರಡೂ ಎಳೆತದಲ್ಲಿ ತೆಂಗಿನ ನಾರಿಗಿಂತ ಎಷ್ಟೋ ಗಟ್ಟಿ. ಆದರೆ ಅವುಗಳಲ್ಲಿ ಲಿಗ್ನಿನ್ ಕಡಿಮೆ, ತೇವಕ್ಕೆ ಬೇಗ ಕೊಳೆಯುತ್ತವೆ.

ಆಲೆಮನೆಯ ಕಬ್ಬಿನ ಸಿಪ್ಪೆ?

ಹಸಿಯಾಗಿ ಹಾಕಲೇಬೇಡಿ. ಸಿಪ್ಪೆಯಲ್ಲಿ ಸಕ್ಕರೆ ಉಳಿದಿರುತ್ತದೆ. ಸಿಮೆಂಟಿನ ತೂಕದ ಸಾವಿರಕ್ಕೆ ಒಂದು ಪಾಲು, ಮೂಟೆಗೆ 50 ಗ್ರಾಂ ಸಕ್ಕರೆ ಬಿದ್ದರೂ ಸಿಮೆಂಟ್ ಸೆಟ್ ಆಗುವುದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮುಂದೆ ಹೋಗುತ್ತದೆ. ಮಂಡ್ಯದಲ್ಲಿ ಹಳೆಯ ಬೆಲ್ಲದ ಮೂಟೆಯ ಚೀಲದಲ್ಲಿ ಮರಳು ತುಂಬಿ ತಂದು, ಗಾರೆ ಯಾಕೆ ಗಟ್ಟಿಯಾಗುತ್ತಿಲ್ಲ ಎಂದು ಕೇಳುವವರಿಗೂ ಇದೇ ಉತ್ತರ.

"ಹಿಂದಿನವರು ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರಲ್ಲ?" ಹಾಕುತ್ತಿದ್ದರು, ಅದು ಸುಣ್ಣದ ಗಾರೆಗೆ. ಸುಣ್ಣ ಗಟ್ಟಿಯಾಗುವ ಬಗೆ ಬೇರೆ, ಸಿಮೆಂಟಿನ ಬಗೆ ಬೇರೆ.

ಸಿಪ್ಪೆಯನ್ನು ಕುದಿಸಿ, ನಾಲ್ಕೈದು ಸಲ ತೊಳೆದು ಬಳಸುವುದಾದರೆ ಮೊದಲು ಪರೀಕ್ಷೆ ಮಾಡಿ. ಒಂದು ಹಿಡಿ ತೊಳೆದ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ಇಡಿ. ಆ ನೀರಿನಲ್ಲಿ ಒಂದು ಉಂಡೆ ಸಿಮೆಂಟ್ ಕಲಸಿ, ಪಕ್ಕದಲ್ಲಿ ಕುಡಿಯುವ ನೀರಿನಲ್ಲಿ ಇನ್ನೊಂದು ಉಂಡೆ. ಮರುದಿನ ಬೆಳಿಗ್ಗೆ ಉಗುರಲ್ಲಿ ಗೀರಿ. ಮೊದಲ ಉಂಡೆಗೆ ಉಗುರು ಇಳಿದರೆ ಆ ಸಿಪ್ಪೆ ಒಲೆಗೇ ಲಾಯಕ್ಕು.

ಮಣ್ಣಿನ ಗೋಡೆಗೆ ಭತ್ತದ ಹುಲ್ಲು, ರಾಗಿ ಹುಲ್ಲು?

ನಾರು ಅತ್ಯಂತ ನೆಮ್ಮದಿಯಾಗಿ ಇರುವ ಜಾಗ ಮಣ್ಣು. ಕ್ಷಾರವಿಲ್ಲ, ಒಣಗಿದ್ದಷ್ಟು ಕಾಲ ಕೊಳೆಯುವುದಿಲ್ಲ. ಭತ್ತದ ಹುಲ್ಲನ್ನು ಒಂದೂವರೆಯಿಂದ ಎರಡು ಇಂಚಿಗೆ ಕತ್ತರಿಸಿ. ಜೇಡಿ ಇರುವ ಕೆಮ್ಮಣ್ಣು ಮತ್ತು ಮರಳು ಸೇರಿ ನಾಲ್ಕು ಬಾಂಡ್ಲಿಗೆ ಹುಲ್ಲಿನ ಚೂರು ಒಂದು ಬಾಂಡ್ಲಿಯಿಂದ ಶುರುಮಾಡಿ. ನೀರು ಹಾಕಿ ತುಳಿದು, ಮುಚ್ಚಿ ಒಂದು ವಾರ ಕೊಳೆಯಲು ಬಿಡಿ, ದಿನಕ್ಕೊಮ್ಮೆ ತುಳಿಯಿರಿ. ಹುಲ್ಲು ಮೆತ್ತಗಾಗಿ ಮಣ್ಣು ಜಿಗುಟಾಗುತ್ತದೆ.

ಇಡೀ ಗೋಡೆಗೆ ಬಳಿಯುವ ಮೊದಲು ಅದೇ ಗೋಡೆಯ ಮೇಲೆ ಒಂದಡಿ ಚದರದ ಮೂರು ತೇಪೆ ಹಚ್ಚಿ, ಮರಳಿನ ಪಾಲು ಒಂದೊಂದರಲ್ಲಿ ಒಂದೊಂದು. ನಾಲ್ಕು ದಿನದ ಮೇಲೆ ಬಿರುಕು ಬಿಟ್ಟದ್ದಕ್ಕೆ ಮರಳು ಸಾಲದು, ಕೈಯಲ್ಲಿ ಉಜ್ಜಿದರೆ ಉದುರುವುದಕ್ಕೆ ಜೇಡಿ ಸಾಲದು. ನಂಜನಗೂಡು ಕಡೆಯ ಕಪ್ಪು ಎರೆಮಣ್ಣು ಇದಕ್ಕೆ ಆಗದು. ಅದು ನೀರಿಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಎಷ್ಟು ಹುಲ್ಲು ಹಾಕಿದರೂ ಸೀಳುತ್ತದೆ. ಹಸಿ ಮಣ್ಣು ನೆಲಕ್ಕೆ ತಾಗಿದರೆ ಗೆದ್ದಲು ಬರುವುದರಿಂದ ಒಂದೂವರೆ ಅಡಿಯಾದರೂ ಕಲ್ಲಿನ ಪಾಯ ಮೇಲೆ ಬಂದಿರಲಿ.

ಗೋಡೌನ್ ನೆಲಕ್ಕೆ, ಒಕ್ಕಣೆ ಕಣಕ್ಕೆ ಸ್ಟೀಲ್ ನಾರು ಹಾಕಬಹುದೇ?

ಗೋಡೌನಿಗೆ ಹೌದು. ತುದಿ ಬಾಗಿದ 50–60 ಮಿ.ಮೀ. ಉಕ್ಕಿನ ನಾರು ಘನ ಮೀಟರಿಗೆ 20ರಿಂದ 30 ಕೆ.ಜಿ. ಹಾಕಿದರೆ ನೆಲದ ಮೇಲಿನ ಸ್ಲ್ಯಾಬಿನಲ್ಲಿ ಕಂಬಿ ಜಾಲರಿ ಬಿಡಬಹುದು. ಇಲ್ಲಿ ನಾರು ಬಿರುಕಾದ ಮೇಲೂ ಎರಡು ಬದಿಗಳನ್ನು ಹಿಡಿದುಕೊಳ್ಳುತ್ತದೆ. ಆದರೆ ಲೆಕ್ಕ ಮಾಡಿಸಿ. ಲಾರಿ ಬರುವ ನೆಲಕ್ಕೂ ಮೂಟೆ ಜೋಡಿಸುವ ನೆಲಕ್ಕೂ ಒಂದೇ ಅಳತೆಯಲ್ಲ. ರಸ್ತೆಗೆ ಐಆರ್‌ಸಿ ಎಸ್‌ಪಿ 46 ಎಂಬ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿ ನೋಡಬೇಕು. ಜಂಟಿ ಕೊಯ್ಯುವುದನ್ನು, ಅಂದರೆ ನೆಲ ಎಲ್ಲೆಂದರಲ್ಲಿ ಸೀಳದಂತೆ ಗೆರೆ ಕೊಯ್ದಿಡುವುದನ್ನು, ನಾರು ತಪ್ಪಿಸುವುದಿಲ್ಲ. 150 ಮಿ.ಮೀ. ದಪ್ಪದ ನೆಲಕ್ಕೆ ನಾಲ್ಕು ಮೀಟರಿಗೊಂದು, ದಪ್ಪದ ಕಾಲುಭಾಗಕ್ಕಿಂತ ಆಳವಾಗಿ, ಕಟರ್ ಅಂಚು ಮುಕ್ಕಾಗದಷ್ಟು ಗಟ್ಟಿಯಾದ ಕೂಡಲೇ. ನಮ್ಮ ಬಿಸಿಲಿಗೆ ಸಂಜೆ ಹಾಕಿದ್ದನ್ನು ಬೆಳಿಗ್ಗೆ ಕೊಯ್ದಿರಬೇಕು. "ನಾಳೆ ಬ್ಲೇಡ್ ತರುತ್ತೇನೆ" ಅಂದರೆ ನೆಲ ತನಗೆ ಬೇಕಾದಲ್ಲಿ ತಾನೇ ಕೊಯ್ದುಕೊಂಡಿರುತ್ತದೆ.

ಕಣಕ್ಕೆ ಬೇಡ. ಕಾಂಕ್ರೀಟ್ ಸವೆದಂತೆ ಮೇಲಿನ ನಾರು ತುದಿ ಎತ್ತುತ್ತದೆ. ಅಲ್ಲಿ ಬರಿಗಾಲಲ್ಲಿ ರಾಗಿ ಕೆದಕುತ್ತಾರೆ, ದನ ಮಲಗುತ್ತದೆ, ಕಾಳಿನ ಜತೆ ತುಕ್ಕು ಹಿಡಿದ ತಂತಿ ಚೀಲಕ್ಕೆ ಹೋಗುತ್ತದೆ. ಕಣಕ್ಕೆ 40–50 ಮಿ.ಮೀ.ನ ದಪ್ಪ ಪ್ಲಾಸ್ಟಿಕ್ ನಾರು ಘನ ಮೀಟರಿಗೆ 3ರಿಂದ 5 ಕೆ.ಜಿ. ಹಾಕಿ.

ಹಸಿರು, ಹಳದಿ ಬಣ್ಣದ ಫೈಬರ್ ಕಂಬಿ ಅಗ್ಗ, ತುಕ್ಕು ಹಿಡಿಯದು ಅನ್ನುತ್ತಾರೆ. ಮನೆಗೆ ಹಾಕಲೇ?

ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಎಳೆದು ಮಾಡುವ ಕಂಬಿ ಅದು. ತುಕ್ಕು ಹಿಡಿಯದು ಎಂಬುದು ನಿಜ. ಉಕ್ಕಿನ ಕಾಲುಭಾಗ ತೂಕ, ಎಳೆತದಲ್ಲಿ ಉಕ್ಕಿಗಿಂತ ಗಟ್ಟಿ ಎಂಬುದೂ ನಿಜ. ಮಾರುವವರು ಇಲ್ಲಿಗೆ ನಿಲ್ಲಿಸಿ, "10 ಎಂಎಂ ಬದಲು 8 ಎಂಎಂ ಸಾಕು" ಅನ್ನುತ್ತಾರೆ. ಅವರು ಹೇಳದೆ ಬಿಟ್ಟದ್ದು ಬಿಗುವಿನ ಮಾತು. ಈ ಕಂಬಿಯ ಬಿಗುವು 45ರಿಂದ 60 ಗಿಗಾಪಾಸ್ಕಲ್, ಉಕ್ಕಿನ ಕಾಲುಭಾಗದ ಸುತ್ತಮುತ್ತ. ಅದೇ ಭಾರಕ್ಕೆ ಅದೇ ದಪ್ಪದ ಕಂಬಿ ನಾಲ್ಕು ಪಟ್ಟು ಹಿಗ್ಗುತ್ತದೆ. ಚಾವಣಿ ಮುರಿಯದೆ ಇರಬಹುದು, ಆದರೆ ಜೋಲುತ್ತದೆ, ಕೆಳಗೆ ಬಿರುಕು ಕಾಣುತ್ತದೆ, ನೀರಿಳಿಯುತ್ತದೆ. ಹಾಗಾಗಿ ಇದರ ವಿನ್ಯಾಸದಲ್ಲಿ ಸಾಮಾನ್ಯವಾಗಿ ಕಂಬಿಯ ಗಾತ್ರ ನಿರ್ಧರಿಸುವುದು ಗಟ್ಟಿತನವಲ್ಲ, ಜೋಲು ಮತ್ತು ಬಿರುಕಿನ ಅಗಲ.

ಎರಡನೆಯದು, ಉಕ್ಕು ಮುರಿಯುವ ಮೊದಲು ಬಾಗಿ ಸೂಚನೆ ಕೊಡುತ್ತದೆ. ಇದು ಕಡೆಯವರೆಗೂ ನೆಟ್ಟಗಿದ್ದು ಪಟ್ಟನೆ ಹೋಗುತ್ತದೆ. ಭೂಕಂಪದಲ್ಲಿ ಕಂಬ ಬಾಗಿ ತಡೆಯಬೇಕಾದ ಕಟ್ಟಡಕ್ಕೆ ಇದು ಹೊಂದುವುದಿಲ್ಲ. ಮೂರನೆಯದು ಬೆಂಕಿ: ನೂರು ಡಿಗ್ರಿ ಆಸುಪಾಸಿನಲ್ಲೇ ರಾಳ ಮೆತ್ತಗಾಗಿ ಕಾಂಕ್ರೀಟಿನ ಹಿಡಿತ ಬಿಡುತ್ತದೆ.

ಸೈಟಿನಲ್ಲಿ ಕೆಡುವುದು ಮಡಚುವಲ್ಲಿ. ಬಾರ್‌ಬೆಂಡರ್ ಇದನ್ನು ಪ್ಲೇಟಿನ ಮೇಲೆ ಬಗ್ಗಿಸಲು ನೋಡುತ್ತಾನೆ, ಬಗ್ಗದಿದ್ದರೆ ಬೆಂಕಿ ತೋರಿಸುತ್ತಾನೆ. ಬಾಗಿದಂತೆ ಕಂಡ ಜಾಗದಲ್ಲಿ ಒಳಗಿನ ನಾರು ಮುರಿದು, ಹೊರಗೆ ಬಿಳಿ ಗೆರೆ ಏಳುತ್ತದೆ. ರಿಂಗು, ಎಲ್ ತಿರುವು ಎಲ್ಲವೂ ಕಾರ್ಖಾನೆಯಿಂದಲೇ ಅಳತೆಗೆ ಬರಬೇಕು. ಶಿಯರ್ ಕಟ್ಟರ್ ಹಾಕಬೇಡಿ. ಡೈಮಂಡ್ ಬ್ಲೇಡಿನ ಗ್ರೈಂಡರಿನಲ್ಲಿ ಕತ್ತರಿಸಿ, ಮಾಸ್ಕ್ ಮತ್ತು ಕೈಗವಸು ಕಡ್ಡಾಯ. ಕಾಂಕ್ರೀಟಿಗಿಂತ ಹಗುರವಾದ್ದರಿಂದ ವೈಬ್ರೇಟರ್ ಇಟ್ಟಾಗ ಕಂಬಿ ತೇಲಿ ಮೇಲೆ ಬರುತ್ತದೆ, ಕೆಳಕ್ಕೆ ಬಿಗಿಯಾಗಿ ಕಟ್ಟಿರಬೇಕು. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ಟಾರ್ಪಾಲು ಹೊದಿಸಿ.

ಎಲ್ಲಿ ಒಳ್ಳೆಯದು? ನೆಲದ ಮೇಲಿನ ಸ್ಲ್ಯಾಬು, ಚರಂಡಿ, ಕಬ್ಬಿಣ ನಾಲ್ಕೇ ವರ್ಷಕ್ಕೆ ತುಕ್ಕು ಹಿಡಿಯುವ ಕೊಳಚೆ ನೀರಿನ ಜಾಗ. ಕೊಳ್ಳುವಾಗ ಐಎಸ್ 18256 ಎಂಬ ಭಾರತೀಯ ಮಾನಕದ ಪ್ರಕಾರದ ಪರೀಕ್ಷಾ ವರದಿ ಕೇಳಿ. ಮನೆಯ ಕಂಬ, ಬೀಮಿಗೆ ಉಕ್ಕೇ ಇರಲಿ.

ಹಳೆ ಕಟ್ಟಡದ ಕಂಬಕ್ಕೆ ಕಾರ್ಬನ್ ನಾರಿನ ಬಟ್ಟೆ ಸುತ್ತಿದರೆ ತುಕ್ಕು ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಒಳಗೆ ತುಕ್ಕು ಬೆಳೆಯುತ್ತಲೇ ಇದ್ದರೆ ಬಟ್ಟೆಯನ್ನೂ ಒಳಗಿನಿಂದ ಉಬ್ಬಿಸುತ್ತದೆ, ಅದೂ ಕಣ್ಣಿಗೆ ಕಾಣದಂತೆ. ಮೊದಲು ಸಡಿಲ ಕಾಂಕ್ರೀಟ್ ಒಡೆದು, ಕಂಬಿಯ ಹಿಂದೆ ಬೆರಳು ಆಡುವಷ್ಟು ಬಿಡಿಸಿ, ತುಕ್ಕು ಉಜ್ಜಿ, ಲೇಪ ಹಚ್ಚಿ, ಪಾಲಿಮರ್ ಗಾರೆ ತುಂಬಬೇಕು. ಬಳಿಕ ಚೌಕ ಕಂಬದ ಮೂಲೆಗಳನ್ನು ಕನಿಷ್ಠ 13 ಮಿ.ಮೀ., ಸಾಧ್ಯವಾದರೆ 25 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಉಜ್ಜಿ. ಚೂಪು ಮೂಲೆಯಲ್ಲಿ ಕಾರ್ಬನ್ ಎಳೆ ಕತ್ತರಿಸಿಹೋಗುತ್ತದೆ. ಆಮೇಲೆ ಪ್ರೈಮರ್, ಪುಟ್ಟಿ, ಎಪಾಕ್ಸಿ, ಬಟ್ಟೆ, ರೋಲರ್, ಮತ್ತೆ ಎಪಾಕ್ಸಿ. ಬಟ್ಟೆಯ ತುದಿ ತುದಿಯ ಮೇಲೆ 100–150 ಮಿ.ಮೀ. ಬರಲಿ. ಕಲಸಿದ ಎಪಾಕ್ಸಿ ಅರ್ಧ ಮುಕ್ಕಾಲು ಗಂಟೆಗೆ ದಪ್ಪವಾಗುತ್ತದೆ, ಬೇಕಾದಷ್ಟೇ ಕಲಸಿ. ಗಾರೆ ಹಿಡಿಯಬೇಕಿದ್ದರೆ ಕೊನೆಯ ಎಪಾಕ್ಸಿ ಹಸಿಯಿರುವಾಗಲೇ ಒಣ ಮರಳು ಎರಚಿ. ಮರುದಿನ ನಾಣ್ಯದಲ್ಲಿ ತಟ್ಟುತ್ತಾ ಹೋಗಿ. ಡಬಡಬ ಸದ್ದು ಬಂದ ಕಡೆ ಗಾಳಿ ಸಿಕ್ಕಿದೆ. ಕಂಬದ ಕಾಂಕ್ರೀಟೇ ಕೈಯಲ್ಲಿ ಪುಡಿಯಾಗುವಂತಿದ್ದರೆ ಈ ಕೆಲಸಕ್ಕೆ ದುಡ್ಡು ಹಾಕಬೇಡಿ.

ಜಿಆರ್‌ಸಿ (ಗಾಜಿನ ನಾರು ಬೆರೆಸಿದ ಸಿಮೆಂಟಿನ) ಜಾಲಿ, ಕಾರ್ನಿಸ್ ಕೊಳ್ಳುವಾಗ ಏನು ನೋಡಬೇಕು?

ಅರಮನೆ ಶೈಲಿಯ ಕಮಾನು ಬೇಕೆನ್ನುವ ಮೈಸೂರಿನಲ್ಲಿ ಇದು ಚೆನ್ನಾಗಿ ಓಡುತ್ತದೆ. ಒಳಗಿನ ಗಾಜು ಕ್ಷಾರ ತಡೆಯುವ ಜಿರ್ಕೋನಿಯಾ ಬೆರೆತ ಗಾಜೇ ಎಂದು ಕೇಳಿ, ಜಿರ್ಕೋನಿಯಾ ಕನಿಷ್ಠ ನೂರಕ್ಕೆ 16 ಪಾಲು ಇರಬೇಕು. ದೋಣಿ, ನೀರಿನ ತೊಟ್ಟಿ ಮಾಡುವ ಮಾಮೂಲಿ ಗಾಜಿನ ನಾರು ಸಿಮೆಂಟಿನಲ್ಲಿ ಕರಗುತ್ತದೆ. ಗೋಡೆಗೆ ಬಿಗಿಯುವಾಗ ಬೋಲ್ಟಿನ ತೂತು ಸ್ವಲ್ಪ ಉದ್ದವಾಗಿರಲಿ, ಹಿಗ್ಗಲು ಜಾಗವಿಲ್ಲದಿದ್ದರೆ ಮೂಲೆಯಲ್ಲೇ ಸೀಳು.

ಹಳೆ ಸಿಮೆಂಟ್ ಶೀಟು ತೆಗೆಯುವಾಗ?

ಹಳೆ ಶೀಟಿನಲ್ಲಿರುವ ನಾರು ಆಸ್ಬೆಸ್ಟಾಸ್ ಎಂದೇ ಎಣಿಸಿ. ಒಡೆಯಬೇಡಿ, ಒಣಗಿದಂತೆ ಕತ್ತರಿಸಬೇಡಿ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ.

ನಾಲೆ ಏರಿ, ಕೆರೆ ಏರಿ ಜರಿಯುತ್ತಿದೆ. ತೆಂಗಿನ ನಾರಿನ ಬಲೆ ಎಷ್ಟು ವರ್ಷ ಬಾಳುತ್ತದೆ?

ಎರಡು ಮೂರು ವರ್ಷ. ಅಷ್ಟೇ ಸಾಕು, ಯಾಕೆಂದರೆ ಏರಿಯನ್ನು ಹಿಡಿಯುವುದು ಹುಲ್ಲಿನ ಬೇರು, ಬಲೆ ಅದು ಬೆಳೆಯುವವರೆಗೆ ಮಾತ್ರ. ಭೂವಸ್ತ್ರ ಎಂದೇ ಇದರ ಹೆಸರು; ಚದರ ಮೀಟರಿಗೆ 400, 700, 900 ಗ್ರಾಂ ತೂಕದಲ್ಲಿ ಸಿಗುತ್ತದೆ, ಇಳಿಜಾರು ಕಡಿದಾದಷ್ಟೂ ತೂಕದ್ದು ತನ್ನಿ.

ಮುಂಗಾರು ಹಿಡಿಯುವ ಮೊದಲು ಇಳಿಜಾರನ್ನು ಕೆತ್ತಿ ನಯಮಾಡಿ, ಗರಿಕೆ ಅಥವಾ ಲಾವಂಚ ನೆಡಿ. ಏರಿಯ ತಲೆಯಲ್ಲಿ ಒಂದಡಿ ಅಗಲ, ಒಂದಡಿ ಆಳದ ಕಾಲುವೆ ತೋಡಿ, ಬಲೆಯ ತುದಿಯನ್ನು ಅದರಲ್ಲಿ ಹೂತು ಮಣ್ಣು ಗುದ್ದಿ, ಸುರುಳಿಯನ್ನು ಕೆಳಕ್ಕೆ ಬಿಚ್ಚಿಕೊಂಡು ಬನ್ನಿ. ಪಕ್ಕದ ಪಟ್ಟಿಯ ಮೇಲೆ 15 ಸೆಂ.ಮೀ. ಬರಲಿ, ಮೀಟರಿಗೊಂದು ಬಿದಿರಿನ ಗೂಟ. ಎಳೆದು ಬಿಗಿ ಮಾಡಬೇಡಿ. ಕೆಳಗೆ ಕಲ್ಲು, ಹೆಂಟೆ ಉಳಿದು ಬಲೆ ಡೇರೆಯಂತೆ ಎದ್ದು ನಿಂತರೆ ನೀರು ಅದರಡಿಯಲ್ಲೇ ಹರಿದು ಮಣ್ಣನ್ನು ಒಯ್ಯುತ್ತದೆ. ಸದಾ ನೀರು ಹರಿಯುವ ಮಟ್ಟದ ಕೆಳಗೆ ಇದು ನಿಲ್ಲದು, ಅಲ್ಲಿಗೆ ಕಲ್ಲು ಹಾಸೇ ಬೇಕು. ಮೊದಲ ವರ್ಷ ಆಡು ಬಿಡದಂತೆ ಬೇಲಿ ಕಟ್ಟಿ.

ಕಂಟ್ರಾಕ್ಟರ್ ನಿಜವಾಗಿಯೂ ನಾರು ಹಾಕಿದ್ದಾರೆಯೇ ಎಂದು ತಿಳಿಯುವುದು ಹೇಗೆ?

ಹತ್ತು ಲೀಟರ್ ಬಕೆಟ್ ತುಂಬ ಹಸಿ ಕಾಂಕ್ರೀಟ್ ತೆಗೆದುಕೊಳ್ಳಿ. ದೊಡ್ಡ ತೊಟ್ಟಿಗೆ ಸುರಿದು, ನೀರು ಹಾಕಿ ಕಲಕಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಹಳೆ ಪಂಚೆಯಲ್ಲಿ ಸೋಸಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆದು, ಒಣಗಿಸಿ ತೂಗಿ. ಘನ ಮೀಟರಿಗೆ 900 ಗ್ರಾಂ ಹಾಕಿದ್ದರೆ 9 ಗ್ರಾಂ ಸಿಗಬೇಕು, ಚಿನ್ನದ ಅಂಗಡಿಯ ತಕ್ಕಡಿ ಬೇಕಾಗುತ್ತದೆ. ಸ್ಟೀಲ್ ನಾರಾದರೆ ಆಯಸ್ಕಾಂತ ಆಡಿಸಿ, 25 ಕೆ.ಜಿ. ಲೆಕ್ಕಕ್ಕೆ 250 ಗ್ರಾಂ. ಲಾರಿಯ ಮೊದಲು, ನಡು, ಕೊನೆ ಮೂರೂ ಕಡೆಯಿಂದ ತೆಗೆಯಿರಿ. ಮೂರರ ಸರಾಸರಿ ಸರಿಯಿದ್ದು ಒಂದರಲ್ಲಿ ಮಾತ್ರ ತೀರಾ ಕಡಿಮೆ ಬಂದರೆ ಅದು ಮೋಸವಲ್ಲ, ಕಲಸಿದ್ದು ಸಾಲದು. ಲಾರಿಯನ್ನು ಇನ್ನೈದು ನಿಮಿಷ ತಿರುಗಿಸಲು ಹೇಳಿ.